ಜಡ್ಜು ತಲೆ ಓರೆ ಮಾಡಿದ ದಿನ

ದಿನವಿಡೀ ದೂರು ಕೇಳುವವರಿಗೆ ಮನೆ ಸೇರುವಷ್ಟರಲ್ಲಿ ಕಿವಿ ತುಂಬಿಹೋಗಿರುತ್ತದೆ. ಇನ್ನೊಂದು ಮಾತಿಗೆ ಅಲ್ಲಿ ಜಾಗವಿರುವುದಿಲ್ಲ. ನಂಬದವರು ನೀರು ಸರಬರಾಜು ಕಚೇರಿಯ ಮೊದಲನೇ ಮಹಡಿ ಹತ್ತಿ, ಆರು ಕುರ್ಚಿಗಳ ಸಾಲಿನಲ್ಲಿ ಮೂರನೆಯದರಲ್ಲಿ ಕೂತವಳನ್ನು ಒಂದು ಗಳಿಗೆ ನೋಡಿದರೆ ಸಾಕು. ಹತ್ತೊಂಬತ್ತು ವರ್ಷದಿಂದ ಅದೇ ಕುರ್ಚಿ. ಅಲ್ಲಿ ಯಾರೂ ಅವಳನ್ನು ಹೆಸರು ಹಿಡಿದು ಕರೆಯುವುದಿಲ್ಲ. "ಮೂರನೇ ಸೀಟು, ಲೈನ್ ತಗೊಳ್ಳಿ" ಅನ್ನುತ್ತಾರೆ. ಹಾಗಾಗಿ ಅವಳು ಮೂರನೇ ಸೀಟು. ಎಡಗಿವಿಯ ಮೇಲೆ ಹೆಡ್‌ಫೋನು, ಅದರ ಸ್ಪಂಜು ಹರಿದು ಟೇಪು ಸುತ್ತಿದ್ದು. ಬಲಗಿವಿ ತೆರೆದೇ ಇರಬೇಕು. ಮೇಲ್ವಿಚಾರಕರು ಬೈದರೆ ಕೇಳಿಸಬೇಕಲ್ಲ!

ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಊರಿನ ಸಿಟ್ಟೆಲ್ಲ ಆ ಎಡಗಿವಿಗೆ ಬಂದು ಬೀಳುತ್ತಿತ್ತು. "ನಲ್ಲಿ ತಿರುಗಿಸಿದ್ರೆ ಬರೀ ಗಾಳಿ ಬುಸ್ ಅಂತಿದೆ." "ನೀರು ಚಹಾ ಬಣ್ಣ ಇದೆ, ನೀವೇ ಬಂದು ಒಂದು ಲೋಟ ಕುಡಿದು ತೋರಿಸಿ." "ನೀವೆಲ್ಲ ಅಲ್ಲಿ ಕೂತು ಏನ್ ಮಾಡ್ತೀರ, ನಿದ್ದೆನಾ?" ಎಲ್ಲಕ್ಕೂ ಅವಳ ಬಳಿ ಇದ್ದದ್ದು ಮೂರೇ ಪ್ರಶ್ನೆ. ಯಾವಾಗಿನಿಂದ? ಒಂದೇ ನಲ್ಲಿಯೋ, ಎಲ್ಲ ನಲ್ಲಿಗಳೂ ಹೀಗೆಯೋ? ಬಣ್ಣ, ವಾಸನೆ ಏನಾದರೂ ಇದೆಯೇ? ಈ ಮೂರಕ್ಕೆ ಉತ್ತರ ಸಿಗದಿದ್ದರೆ ದೂರಿಗೆ ನಂಬರು ಬೀಳುವುದಿಲ್ಲ, ನಂಬರು ಬೀಳದ ದೂರು ದೂರೇ ಅಲ್ಲ. ನಿದ್ದೆಯಿಂದ ಎಬ್ಬಿಸಿದರೂ ಆ ಮೂರು ಪ್ರಶ್ನೆ ಅವಳ ಬಾಯಿಂದ ಸಾಲಾಗಿ ಉದುರುತ್ತವೆ ಎಂದು ಗಂಡ ಗೇಲಿ ಮಾಡುತ್ತಿದ್ದ.

ಮನೆಯಲ್ಲಿ ಮಾತ್ರ ಅವಳು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಅಲ್ಲಿನ ದೂರು ವಿಭಾಗವೆಂದರೆ ಅತ್ತೆ. ಅವರಿಗೆ ಎಪ್ಪತ್ತೆರಡು. ಮೊಣಕಾಲು ಹಿಡಿಯುತ್ತದೆ, ಬಚ್ಚಲ ಚಿಲಕ ಬಿಗಿ, ಮೇಲಿನ ಮನೆಯವರು ಕುರ್ಚಿ ಎಳೆದಾಡುತ್ತಾರೆ, ಸೋಪು ಬೇಗ ಕರಗುತ್ತದೆ, ಅಕ್ಕಿಯಲ್ಲಿ ಬರೀ ಕಲ್ಲು. ಸೊಸೆ ಹೊಸಲು ದಾಟುವುದೇ ತಡ, ಒಂದೊಂದಾಗಿ ಬಿಚ್ಚುತ್ತಿದ್ದರು. ಅವಳು ಚಪ್ಪಲಿ ಬಿಡುತ್ತಾ "ಹೂಂ ಅತ್ತೆ", ಮುಖ ತೊಳೆಯುತ್ತಾ "ಹೂಂ ಅತ್ತೆ" ಅನ್ನುತ್ತಿದ್ದಳು. ಆ ಹೂಂಗೆ ಅರ್ಥವಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕೆಟ್ಟ ಸೊಸೆಯೇನಲ್ಲ, ಸುಸ್ತಾದ ಸೊಸೆ. ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುವುದಕ್ಕೂ ಒಂದಿಷ್ಟು ತ್ರಾಣ ಬೇಕು, ಅದೂ ಅವಳಲ್ಲಿ ಉಳಿದಿರುತ್ತಿರಲಿಲ್ಲ.

ಅವಳ ಮಾತು ಕೇಳುವವರಾದರೂ ಯಾರಿದ್ದರು? ಗಂಡ ಬಸ್ ಡಿಪೋದಲ್ಲಿ ಚಕ್ರ ಕಳಚಿ ಹಾಕುವ ಮನುಷ್ಯ; ಬಂದವನೇ ಉಂಡು, ಟೀವಿ ಎದುರು ಕೂತಲ್ಲೇ ತೂಕಡಿಸುತ್ತಿದ್ದ. ಕಾಲೇಜಿಗೆ ಹೋಗುವ ಮಗಳು ಫೋನಿನಿಂದ ತಲೆ ಎತ್ತಿದರೆ ಅದೇ ದೊಡ್ಡದು. ಉಳಿದದ್ದು ಜಡ್ಜು. ಪಕ್ಕದ ಮನೆಯವರು ಮನೆ ಖಾಲಿ ಮಾಡುವಾಗ "ನಾಲ್ಕು ದಿನ ನೋಡ್ಕೊಳ್ಳಿ" ಎಂದು ಬಿಟ್ಟುಹೋದ ಕಂದು ಬಣ್ಣದ ನಾಯಿ. ಆ ನಾಲ್ಕು ದಿನ ಆರು ವರ್ಷವಾಗಿತ್ತು. ಉದ್ದ ಕಿವಿಗಳು ಹಳೇ ಕಾಲದ ನ್ಯಾಯಾಧೀಶರ ವಿಗ್ಗಿನ ಸುರುಳಿಗಳಂತೆ ಕೆನ್ನೆಯ ಎರಡೂ ಕಡೆ ಜೋತುಬಿದ್ದಿದ್ದರಿಂದ ಮಗಳು ಆ ಹೆಸರಿಟ್ಟಿದ್ದಳು.

ಅಡುಗೆಮನೆಯ ಹಿಂಬಾಗಿಲಿಗೆ ಎರಡು ಮೆಟ್ಟಿಲು. ಎದುರಿಗೆ ನೀರಿನ ಡ್ರಮ್ಮು, ಬಟ್ಟೆ ಒಣಹಾಕುವ ಹಗ್ಗ, ಒಂದು ಗೋಡೆ. ಸಂಜೆ ಐದಕ್ಕೆ ಮೂರನೇ ಸೀಟು ಅಲ್ಲಿ ಹೋಗಿ ಕೂರುತ್ತಿದ್ದಳು, ಜಡ್ಜು ಬಂದು ಪಾದದ ಹತ್ತಿರ ಮಲಗುತ್ತಿತ್ತು. ತಲೆಯ ಮೇಲಿನ ಕಿಟಕಿಯ ಹಿಂದೆ ಅತ್ತೆ ಸ್ಟೂಲಿನಲ್ಲಿ ಕೂತು ಅಕ್ಕಿ ಆರಿಸುತ್ತಿದ್ದರು. ಮೊರದಲ್ಲಿ ಕೈಯಾಡುವ ಸರಸರ ಸದ್ದು ಎಷ್ಟು ಹಳೆಯದೆಂದರೆ, ಅದು ಅವಳಿಗೆ ಕೇಳಿಸುತ್ತಲೇ ಇರಲಿಲ್ಲ.

ಅದೊಂದು ಮಂಗಳವಾರ. ಬೆಳಿಗ್ಗೆ ಹತ್ತೂವರೆಗೆ ಒಬ್ಬ ಮುದುಕಪ್ಪ ಫೋನು ಮಾಡಿದ್ದರು. ನಾಲ್ಕು ದಿನದಿಂದ ನೀರಿಲ್ಲ, ಹೆಂಡತಿ ಹಾಸಿಗೆ ಹಿಡಿದಿದ್ದಾಳೆ, ಬೀದಿ ತಿರುವಿನ ನಲ್ಲಿಯಿಂದ ಕೆಟಲಿನಲ್ಲಿ ನೀರು ಹೊತ್ತು ತಂದು ಅವಳ ಮೈ ಒರೆಸುತ್ತಿದ್ದೇನೆ ಎಂದರು. ಮೂರು ಪ್ರಶ್ನೆಗೂ ಸರಿಯಾಗಿ ಉತ್ತರಿಸಿದರು. ನಂಬರು ಬರೆದುಕೊಂಡ ಮೇಲೆ, "ಇನ್ನೇನಾದ್ರೂ ಇದೆಯಾ?" ಎಂದು ಅವಳು ನಿಯಮದಂತೆ ಕೇಳಿದಳು. ಆ ಮುದುಕಪ್ಪ ಅಳತೊಡಗಿದರು. ಅಳುವವರ ಫೋನನ್ನು ಹೇಗೆ ಇಡುವುದು? ಅವಳು ಇಡಲಿಲ್ಲ. ಹನ್ನೊಂದು ನಿಮಿಷ ಆಯಿತು.

ಮೇಲ್ವಿಚಾರಕನಿಗೆ ಕಚೇರಿಯವರು ಇಟ್ಟ ಅಡ್ಡಹೆಸರು ಗಡಿಯಾರ. ಒಂದು ದೂರಿಗೆ ಎರಡು ನಿಮಿಷ ಎಂಬುದು ಅವನ ಲೆಕ್ಕ. ಆರೂ ಕುರ್ಚಿಗಳವರು ಕೇಳುವ ಹಾಗೆ, "ನಿಮ್ಮನ್ನ ಇಲ್ಲಿ ಇಟ್ಟಿರೋದು ದೂರು ಬರ್ಕೊಳ್ಳೋಕೆ, ಮುದುಕರ ಕಷ್ಟಸುಖ ಕೇಳೋಕಲ್ಲ. ಅಷ್ಟು ಕರುಣೆ ಉಕ್ಕಿದ್ರೆ ಆಶ್ರಮ ತೆಗೀರಿ" ಅಂದ. ತನಗಿಂತ ಹನ್ನೆರಡು ವರ್ಷ ಚಿಕ್ಕವನು. ಅವಳು ಹೆಡ್‌ಫೋನು ಸರಿಮಾಡಿಕೊಂಡಳು. ಮುಂದಿನ ಲೈನು ತಗೊಂಡಳು.

ಆ ಸಂಜೆ ಮೆಟ್ಟಿಲ ಮೇಲೆ ಕೂತದ್ದೇ ಕಟ್ಟೆಯೊಡೆಯಿತು. ಮುದುಕಪ್ಪನ ಕೆಟಲಿನಿಂದ ಹಿಡಿದು ಗಡಿಯಾರದ ಆಶ್ರಮದವರೆಗೆ ಒಂದನ್ನೂ ಬಿಡದೆ ಹೇಳಿಕೊಂಡು ಅತ್ತಳು. ಆಗಲೇ ಜಡ್ಜು ಎದ್ದು ಕೂತು, ತಲೆಯನ್ನು ಬಲಕ್ಕೆ ಓರೆ ಮಾಡಿ, ಅವಳ ಮುಖವನ್ನೇ ನೋಡಿತು. ಎಷ್ಟು ಹೊತ್ತು? ಅವಳು ಮುಗಿಸುವ ತನಕ. ಹತ್ತೊಂಬತ್ತು ವರ್ಷ ಊರವರ ಮಾತು ಕೇಳಿದವಳ ಮಾತು ಕೇಳಲು ಒಂದು ಜೀವ ತಲೆ ಬಾಗಿಸಿತಲ್ಲ! ಅವಳಿಗೆ ಎದೆ ತುಂಬಿ ಬಂತು. ಒಳಗೆ ಬಂದಾಗ ಅತ್ತೆ ಚಹಾ ಕೊಟ್ಟರು. ಬಾಯಿಗಿಟ್ಟರೆ ಪಾನಕ.

"ಸಕ್ಕರೆ ಜಾಸ್ತಿ ಆಯ್ತು ಅತ್ತೆ."

"ಹೂಂ, ಕೈ ತಪ್ಪಿತು."

ವಯಸ್ಸಾಯಿತು, ಅಳತೆ ತಪ್ಪುತ್ತಿದೆ ಎಂದುಕೊಂಡಳು. ಆಮೇಲೆ ವಾರಕ್ಕೊಮ್ಮೆಯಾದರೂ ಅತ್ತೆಯ ಕೈ ಹಾಗೆ ತಪ್ಪುತ್ತಿತ್ತು.

ಅಂದಿನಿಂದ ದಿನವೂ ವಿಚಾರಣೆ. ಅವಳು ಹೇಳುವುದು, ಜಡ್ಜು ತಲೆ ಓರೆ ಮಾಡಿಕೊಂಡು ಕೇಳುವುದು. ಗಡಿಯಾರದ ಹೆಸರೆತ್ತಿದರೆ ಸಾಕು, ಕಿವಿ ಪಟಪಟ ಬಡಿಯುವ ಹಾಗೆ ತಲೆ ಕೊಡವುತ್ತಿತ್ತು. "ನೋಡು, ನಿನಗೂ ಅನ್ಯಾಯ ಅನ್ಸುತ್ತೆ ಅಲ್ವಾ?" ಎಂದು ಅವಳು ನಗುತ್ತಿದ್ದಳು. ಹೆಸರೆತ್ತದಾಗಲೂ ಕೊಡವುತ್ತಿತ್ತು, ಅದು ಲೆಕ್ಕಕ್ಕೆ ಬರಲಿಲ್ಲ. ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತಾ ಮುಲುಗುತ್ತಿತ್ತು, ನಾಯಿ ಅಂದ ಮೇಲೆ ಕೆರೆದುಕೊಳ್ಳದೆ ಇರುತ್ತದೆಯೇ! ಕಾಲೊರೆಸುವ ಚಾಪೆಗೆ ಕೆನ್ನೆ ಹಚ್ಚಿ ಉಜ್ಜುತ್ತಿತ್ತು, ಆಟ. ಮಗಳು ಓರೆ ತಲೆಯ ಫೋಟೋ ತೆಗೆದು ಗೆಳತಿಯರಿಗೆಲ್ಲ ಕಳಿಸಿದಳು, ಎಲ್ಲರೂ ಮುದ್ದು ಅಂದರು.

"ಆ ನಾಯಿ ಹತ್ರ ಏನೋ ನಾತ ಬರ್ತಿದೆ ಕಣೇ" ಎಂದು ಅತ್ತೆ ಒಂದು ಸಂಜೆ ಹೇಳಿದರು. ಚಿಲಕ, ಸೋಪು, ಮೊಣಕಾಲಿನ ನಡುವೆ ಅದೂ ಒಂದಾಗಿ ಬಂತು. "ಹೂಂ ಅತ್ತೆ." ಮರುವಾರ ಮತ್ತೆ, "ಕಿವಿ ಹತ್ರಾನೇ ನಾರ್ತಿದೆ, ನೋಡೇ ಒಂದ್ಸಲ." "ಹೂಂ ಅತ್ತೆ." ಆ ಭಾನುವಾರ ಅವಳು ಜಡ್ಜುವಿಗೆ ಸೋಪು ಹಚ್ಚಿ ತಲೆಯ ಮೇಲೆ ಎರಡು ಬಕೆಟ್ ನೀರು ಸುರಿದು ಸ್ನಾನ ಮಾಡಿಸಿದಳು. ಒಂದು ದಿನ ಬರೀ ಸೋಪಿನ ವಾಸನೆ ಬಂತು. ಎರಡನೇ ದಿನದಿಂದ ತಲೆ ಕೊಡವುವುದು ಇಮ್ಮಡಿಯಾಯಿತು. ಮತ್ತೆ ನಾತವೆಂದಾಗ ಮತ್ತೆ ಸ್ನಾನ. ಅದಾದ ಮೇಲೆ ಅತ್ತೆ ಬರೀ ಮೂಗಿಗೆ ಸೆರಗು ಹಿಡಿದರು.

ಏಳನೇ ವಾರದ ಭಾನುವಾರ ಬೆಳಿಗ್ಗೆ ಮನೆಯವರೆಲ್ಲ ಅಡುಗೆಮನೆಯಲ್ಲಿದ್ದರು. ಜಡ್ಜು ಬಾಗಿಲ ಬಳಿ ತಲೆ ಓರೆ ಮಾಡಿ ಕೂತಿತ್ತು. ಮೂರನೇ ಸೀಟಿಗೆ ಮುದ್ದು ಉಕ್ಕಿ, ಬಗ್ಗಿ ಅದರ ಬಲಗಿವಿಯನ್ನು ಅಂಗೈಯಲ್ಲಿ ಹಿಡಿದು ಸವರಿದಳು. ನಾಯಿ ಕಿರುಚಿತು. ಅದು ಹಾಗೆ ಕಿರುಚಿದ್ದನ್ನು ಆ ಮನೆ ಆರು ವರ್ಷದಲ್ಲಿ ಕೇಳಿರಲಿಲ್ಲ. ಮರುಕ್ಷಣ ಅವಳ ಮಣಿಕಟ್ಟು ಅದರ ಹಲ್ಲುಗಳ ನಡುವೆ ಇತ್ತು. ಕಚ್ಚಲಿಲ್ಲ, ಹಿಡಿಯಿತು, ಬಿಟ್ಟಿತು, ಹೋಗಿ ಡ್ರಮ್ಮಿನ ಹಿಂದೆ ಸೇರಿತು.

"ಹುಚ್ಚು ಹಿಡೀತಾ ಇದಕ್ಕೆ?" ಗಂಡ ಕುರ್ಚಿ ಹಿಂದೆ ಸರಿಸಿ ಎದ್ದ.

"ಹುಚ್ಚು ಅಲ್ಲ, ಏನೂ ಅಲ್ಲ. ಕಿವಿ!" ಅತ್ತೆಯ ದನಿ ಏರಿತು. "ಎಷ್ಟು ಸಲ ಬಡ್ಕೊಂಡೆ ನಾನು? ಈ ಮನೇಲಿ ನನ್ನ ಮಾತು ಗೋಡೆಗೆ ಹೇಳ್ದಂಗೆ. ಎತ್ತಿ ನೋಡೋಕೆ ಏನು ರೋಗ ನಿಮಗೆ?"

ಅವಳು ಡ್ರಮ್ಮಿನ ಹಿಂದೆ ಮಂಡಿಯೂರಿದಳು. ಬ್ರೆಡ್ಡಿನ ತುಂಡು ತೋರಿಸಿ, ಮಾತಾಡಿಸಿ, ಎರಡು ಬೆರಳಿನಲ್ಲಿ ಕಿವಿಯ ಅಂಚನ್ನು ಮೆಲ್ಲಗೆ ಎತ್ತಿದಳು. ಒಳಗೆಲ್ಲ ಕೆಂಪಗೆ ಊದಿತ್ತು. ತೂತಿನ ಬಾಯಿಗೆ ಕಂದು ಬಣ್ಣದ ಅಂಟು ಮೆತ್ತಿ, ಅದರ ಸುತ್ತ ಹಳದಿ ಕೀವು ಒಣಗಿ ಕೂತಿತ್ತು. ಕೆರೆದು ಕೆರೆದು ಹಿಂಬದಿಯ ಕೂದಲು ಉದುರಿ ಗಾಯವಾಗಿತ್ತು. ನಾತ ಮುಖಕ್ಕೆ ಹೊಡೆಯಿತು. ಏಳು ವಾರ ಈ ಕಿವಿ ಅವಳ ಮೊಣಕಾಲಿನಿಂದ ಒಂದು ಗೇಣು ದೂರದಲ್ಲಿತ್ತು. ಒಮ್ಮೆಯೂ ಎತ್ತಿ ನೋಡಿರಲಿಲ್ಲ.

"ಎಣ್ಣೆ ಬೆಚ್ಚಗೆ ಮಾಡಿ ಎರಡು ಹನಿ ಬಿಡೋಣ್ವಾ?" ಅಂದ ಗಂಡ. ಮಗಳು ಹತ್ತಿ ಸುತ್ತಿದ ಕಡ್ಡಿ ತಂದಳು. "ಏನೂ ಹಾಕ್ಬೇಡಿ, ಏನೂ ತುರುಕ್ಬೇಡಿ" ಎಂದು ಅತ್ತೆ ಗದರಿದರು. "ಒಳಗೆ ಏನಾಗಿದೆ ಅಂತ ಯಾರಿಗೆ ಗೊತ್ತು? ಗೊತ್ತಿರೋರಿಗೆ ತೋರ್ಸಿ." ಅವತ್ತು ಯಾರೂ ಬರೀ ಹೂಂ ಅನ್ನಲಿಲ್ಲ.

ಪಶುವೈದ್ಯರ ಕೋಣೆಯಲ್ಲಿ ಉಕ್ಕಿನ ಮೇಜು, ಗೋಡೆಗೆ ತೂಕದ ಪಟ್ಟಿ, ಫಿನಾಯಿಲಿನ ವಾಸನೆ. ಡಾಕ್ಟ್ರಮ್ಮ ನರೆಗೂದಲಿನ ಗಿಡ್ಡ ಹೆಂಗಸು. ಬೆಳಗಿನಿಂದ ನಿಂತೇ ಇದ್ದವರ ಹಾಗೆ ಒಂದು ಕಾಲಿನ ಮೇಲೆ ಭಾರ ಹಾಕಿದ್ದರು. ನಾಯಿಯನ್ನು ಮುಟ್ಟುವ ಮೊದಲು ಪೆನ್ನು ಹಿಡಿದು, ತಲೆ ಎತ್ತದೆ ಕೇಳಿದರು.

"ಯಾವಾಗಿಂದ? ಒಂದೇ ಕಿವೀನಾ, ಎರಡೂನಾ? ಬಣ್ಣ, ವಾಸನೆ ಏನಾದ್ರೂ ಇದೆಯಾ?"

ಮೂರನೇ ಸೀಟು ಆ ಪೆನ್ನನ್ನೇ ನೋಡಿದಳು. ದಿನಕ್ಕೆ ನೂರು ಸಲ ತಾನು ಕೇಳುವ ಪ್ರಶ್ನೆಗಳು, ಅದೇ ಸಾಲಿನಲ್ಲಿ, ಅದೇ ಸಪ್ಪೆ ದನಿಯಲ್ಲಿ. ಕೊನೆಯ ಎರಡಕ್ಕೆ ಹೇಗೋ ತೊದಲಿ ಉತ್ತರ ಕೊಟ್ಟಳು. ಮೊದಲನೆಯದನ್ನು ದಾಟಿಬಿಟ್ಟಳು.

"ಸುಮಾರಾಗಿ ಹೇಳಿ. ತಲೆ ವಾಲಿಸೋಕೆ ಶುರು ಮಾಡಿದ್ದು ಯಾವಾಗ?"

ಸುಮಾರಾಗಿ ಯಾಕೆ, ಅವಳಿಗೆ ತಾರೀಕೇ ಗೊತ್ತಿತ್ತು. "ಏಳು ವಾರ ಆಯ್ತು ಡಾಕ್ಟ್ರೇ. ಮಂಗಳವಾರ, ಸಂಜೆ ಐದೂಕಾಲು" ಅಂದಳು. ಡಾಕ್ಟ್ರಮ್ಮ ತಲೆ ಎತ್ತಿದರು. "ನಾನು ಮೆಟ್ಟಿಲ ಮೇಲೆ ಕೂತು ಅಳ್ತಾ ಇದ್ದೆ. ಆಗ ಇದು ತಲೆ ಓರೆ ಮಾಡ್ತು. ನಾನು... ನನ್ನ ಮಾತು ಕೇಳಿಸ್ಕೊಳ್ತಿದೆ ಅಂದ್ಕೊಂಡೆ."

ಡಾಕ್ಟ್ರಮ್ಮ ನಗಲಿಲ್ಲ, ಅದೊಂದು ಪುಣ್ಯ. "ನೋವಿರೋ ಕಿವೀನ ಕೆಳಗೆ ವಾಲಿಸುತ್ವೆ" ಎಂದಷ್ಟೇ ಹೇಳಿ, ಬರೆದುಕೊಂಡರು. ಏಳು ವಾರ, ಬಲಗಿವಿ, ಕಂದು ಅಂಟು, ಹಳದಿ ಕೀವು, ದುರ್ವಾಸನೆ. ತನ್ನ ಬಾಳಿನ ಅತಿ ಆಪ್ತ ಗಳಿಗೆಯೊಂದು ರೋಗ ಶುರುವಾದ ತಾರೀಕಾಗಿ ಚೀಟಿಯ ಮೇಲೆ ಕೂರುವುದನ್ನು ಮೂರನೇ ಸೀಟು ನೋಡಿದಳು. ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಯಾರೋ ಏನನ್ನೋ ಕೈಯಿಂದ ಕಿತ್ತುಕೊಂಡಂತಾಯಿತು.

ಕೀವನ್ನು ಹತ್ತಿಯಲ್ಲಿ ತೆಗೆದು, ಗಾಜಿಗೆ ಸವರಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆಮೇಲೆ ದೀಪವಿರುವ ಕೊಳವೆಯನ್ನು ಕಿವಿಗೆ ಹಿಡಿಯಲು ಹೋದರೆ, ಅರ್ಧ ದಾರಿಯಲ್ಲೇ ಜಡ್ಜು ಮೇಜು ಅಲುಗುವಂತೆ ಒದ್ದಾಡಿತು.

"ಫಂಗಸ್ಸೂ ಇದೆ, ಬ್ಯಾಕ್ಟೀರಿಯಾನೂ ಇದೆ. ಜೋತುಬಿದ್ದ ಕಿವಿ, ಗಾಳಿ ಆಡಲ್ಲ. ಸ್ನಾನ ಮಾಡಿಸಿದ್ರಾ?"

"ಎರಡು ಸಲ."

"ಒಳಗೆ ಒರೆಸಿದ್ರಾ?"

"ಇಲ್ಲ."

"ನಾಯಿ ಕಿವಿ ನಮ್ಮ ಹಾಗೆ ನೇರ ಅಲ್ಲಮ್ಮ. ಕೆಳಗೆ ಇಳಿದು, ಆಮೇಲೆ ಒಳಕ್ಕೆ ತಿರುಗುತ್ತೆ. ಪೈಪಿಗೆ ಎಲ್ಬೋ ಹಾಕಿರ್ತಾರಲ್ಲ, ಹಾಗೆ. ಆ ತಿರುವಿನಲ್ಲೇ ಎಲ್ಲ ಕಟ್ಕೊಳ್ಳೋದು. ನೀರು ಒಳಗೆ ನಿಲ್ತು, ಇನ್ನಷ್ಟು ಬೆಳೀತು." ಎಲ್ಬೋದಲ್ಲಿ ಕಟ್ಟಿಕೊಳ್ಳುವುದು ಏನೆಂದು ಮೂರನೇ ಸೀಟಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. "ಎಷ್ಟು ಊದಿದೆ ಅಂದ್ರೆ ಕಿವಿ ತಮಟೆ ನಂಗೆ ಕಾಣ್ತಾನೇ ಇಲ್ಲ. ಹರಿದಿದೆಯೋ ಇಲ್ವೋ ಹೇಳಕ್ಕಾಗಲ್ಲ. ಈಗ ಊತ ಇಳಿಯೋಕೆ ಮಾತ್ರೆ ಕೊಡ್ತೀನಿ, ಮೇಲಿಂದ ಒರೆಸೋಕೆ ದ್ರಾವಣ ಕೊಡ್ತೀನಿ. ಹನಿ ಹಾಕೋದು ತಮಟೆ ನೋಡಿದ ಮೇಲೆ. ಐದು ದಿನ ಬಿಟ್ಟು ಬನ್ನಿ. ಮಧ್ಯದಲ್ಲಿ ನಡೆಯುವಾಗ ಒಂದು ಕಡೆ ವಾಲಿ ಬಿದ್ರೆ, ಕಣ್ಣುಗುಡ್ಡೆ ಹೊಯ್ದಾಡಿದ್ರೆ ಕಾಯಬೇಡಿ, ತಕ್ಷಣ ಕರ್ಕೊಂಡ್ಬನ್ನಿ."

"ತಲೆ ನೇರ ಆಗುತ್ತಾ ಡಾಕ್ಟ್ರೇ?"

"ನೋವಿಗೆ ವಾಲಿಸ್ತಿದ್ರೆ ನೋವು ಹೋದ ಹಾಗೆ ನೇರ ಆಗುತ್ತೆ. ಎಲ್ಲ ವಾಸಿ ಆದ ಮೇಲೂ ಓರೆಯಾಗೇ ಉಳಿದ್ರೆ, ಒಳಗಿವಿಗೆ ಹೋಗಿದೆ ಅಂತ ಅರ್ಥ. ಆಗ ಆ ಕಿವಿ ಕೇಳಿಸೋದೂ ಕಷ್ಟ."

ದಾರಿಯುದ್ದಕ್ಕೂ ಜಡ್ಜು ಬಲಕ್ಕೆ ತಲೆ ವಾಲಿಸಿಕೊಂಡೇ ನಡೆಯಿತು. ಎದುರು ಬಂದ ಹುಡುಗಿಯೊಬ್ಬಳು "ಅಯ್ಯೋ, ಎಷ್ಟು ಮುದ್ದಾಗಿ ನೋಡುತ್ತೆ!" ಅಂದಳು. ಮೂರನೇ ಸೀಟಿಗೆ ಆ ಹುಡುಗಿಯ ಬಾಯಿ ಮುಚ್ಚಿಸಬೇಕೆನ್ನಿಸಿತು.

ಅಂದಿನಿಂದ ಮನೆಯಲ್ಲಿ ಬೆಳಿಗ್ಗೆ ಸಂಜೆ ಕಿವಿಯ ಕೆಲಸ. ಅತ್ತೆ ಸ್ಟೂಲಿನಲ್ಲಿ ಕೂತು ಜಡ್ಜುವನ್ನು ಎರಡು ಕಾಲಿನ ನಡುವೆ ಇರುಕಿಕೊಂಡು ಗದ್ದ ಹಿಡಿಯುವುದು, ಸೊಸೆ ಹತ್ತಿಯನ್ನು ದ್ರಾವಣದಲ್ಲಿ ನೆನೆಸಿ, ಕಣ್ಣಿಗೆ ಕಾಣುವಷ್ಟು ಜಾಗವನ್ನು ಮಾತ್ರ ಒರೆಸುವುದು. ಹತ್ತಿಯ ಮೇಲೆ ಕಂದು ಮಣ್ಣಿನಂಥದು ಬರುತ್ತಿತ್ತು. ಅತ್ತೆ ಅದನ್ನು ಕನ್ನಡಕ ಏರಿಸಿ ನೋಡಿ, ಮೂಸಿ, "ನಿನ್ನೆಗಿಂತ ವಾಸಿ" ಎಂದೋ "ಹಾಗೇ ಇದೆ" ಎಂದೋ ತೀರ್ಪು ಕೊಡುತ್ತಿದ್ದರು. ಮುದುಕಿಯ ಮೊಣಕಾಲು ನಡುಗುತ್ತಿತ್ತು. "ನಾಯಿ ಒದ್ದಾಡುತ್ತೆ ಅತ್ತೆ, ಇವರನ್ನ ಕರೀತೀನಿ" ಅಂದರೆ, "ಬೇಡ, ಅವನ ಹಿಡಿತ ಒರಟು, ಅವನ ಕೈ ಚಕ್ರಕ್ಕೆ ಸರಿ" ಅನ್ನುತ್ತಿದ್ದರು.

ಜಡ್ಜು ಎರಡೇ ದಿನದಲ್ಲಿ ಬಾಟಲಿಯ ಸದ್ದು ಕಲಿಯಿತು. ಮುಚ್ಚಳ ತಿರುಗಿಸಿದರೆ ಮಂಚದ ಕೆಳಗೆ ಓಟ. ಸಂಜೆ ಅವಳು ಮೆಟ್ಟಿಲ ಮೇಲೆ ಕೂತು ಕರೆದರೂ ಬರಲಿಲ್ಲ. ಅದರ ದೃಷ್ಟಿಯಲ್ಲಿ ಅವಳು ಈಗ ಕಿವಿ ನೋಯಿಸುವ ಹೆಂಗಸು. ಗಡಿಯಾರ ಆ ವಾರವೂ ಸುಮ್ಮನಿರಲಿಲ್ಲ. ಅವಳ ಊಟದ ಬಿಡುವನ್ನು ಹತ್ತು ನಿಮಿಷ ಕತ್ತರಿಸಿದ್ದ. ಹೇಳಿಕೊಳ್ಳಲು ಯಾರೂ ಇಲ್ಲದೆ ಅದು ಎದೆಯಲ್ಲೇ ಉಳಿಯಿತು. ಡ್ರಮ್ಮನ್ನು ನೋಡುತ್ತಾ ಬಾಯಿ ಮುಚ್ಚಿ ಕೂತು, ಕತ್ತಲಾಗುವ ಮೊದಲೇ ಎದ್ದು ಒಳಗೆ ಬರುತ್ತಿದ್ದಳು. ಚಹಾದಲ್ಲಿ ಸಕ್ಕರೆ ಸರಿಯಾಗಿರುತ್ತಿತ್ತು.

ನಾಲ್ಕನೇ ದಿನ ಅವಳಿಗೆ ಒಂದು ಯೋಚನೆ ಬಂತು.  ತಲೆ ಹಾಗೇ ಓರೆಯಾಗಿ ಉಳಿದರೆ? ಉಳಿಯಲಿ ಎಂದು ತನ್ನೊಳಗೆ ಎಲ್ಲೋ ಒಂದು ಕಡೆ ಆಸೆಯಿತ್ತು. ನಾಯಿಗೆ ಒಂದು ಕಿವಿ ಹೋದರೂ ಚಿಂತೆಯಿಲ್ಲ, ತನ್ನ ಮುಂದೆ ತಲೆ ಬಾಗಿಸಿ ಕೂರಲಿ ಎಂಬ ಆಸೆ. ಇಷ್ಟು ಬರಗೆಟ್ಟವಳೇ ನಾನು ಎಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳು. ಅಂದು ಸಂಜೆ ಕಿವಿ ಒರೆಸುವಾಗ ಅವಳ ಕೈ ಎಂದಿಗಿಂತ ಹಗುರವಾಗಿತ್ತು, ಎಂದಿಗಿಂತ ಹೆಚ್ಚು ಹೊತ್ತು ತೆಗೆದುಕೊಂಡಿತು.

ಐದನೇ ದಿನ ಡಾಕ್ಟ್ರಮ್ಮ ಕೊಳವೆಯಲ್ಲಿ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಮೂರನೇ ಸೀಟು ನಾಯಿಯ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದಳು.

"ತಮಟೆ ಕಾಣ್ತು. ಹರಿದಿಲ್ಲ" ಅಂದರು ಡಾಕ್ಟ್ರಮ್ಮ. "ಇನ್ನೊಂದು ತಿಂಗಳು ಬಿಟ್ಟಿದ್ರೆ ಹೀಗೆ ಹೇಳ್ತಿರ್ಲಿಲ್ಲ. ಹನಿ ಶುರು ಮಾಡೋಣ. ಎರಡು ವಾರ, ವಾಸಿ ಆದ ಹಾಗೆ ಕಂಡ್ರೂ ನಿಲ್ಲಿಸಬಾರದು. ವಾರಕ್ಕೊಂದ್ಸಲ ಕಿವಿ ಎತ್ತಿ ನೋಡಿ, ಮೂಸಿ. ವಾಸನೆ ಬದಲಾದ್ರೆ ಬನ್ನಿ. ಮೊದಲು ಮೂಸಿ ಹೇಳಿದ್ದು ಯಾರು?"

"ನಮ್ಮತ್ತೆ."

"ಅವರಿಗೆ ಥ್ಯಾಂಕ್ಸ್ ಹೇಳಿ."

ಅವಳು ಮನೆಗೆ ಬಂದು ತಮಟೆ ಹರಿದಿಲ್ಲವೆಂದು ಹೇಳಿದಳು. ಥ್ಯಾಂಕ್ಸು ಮಾತ್ರ ಬಾಯಿಗೆ ಬರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಆ ಇಬ್ಬರ ನಡುವೆ ಆ ಪದ ಓಡಾಡಿರಲಿಲ್ಲ. ಬದಲಿಗೆ ಬಚ್ಚಲ ಚಿಲಕಕ್ಕೆ ಎಣ್ಣೆ ಬಿಟ್ಟಳು.

ಹನಿ ಬಿಟ್ಟು ಕಿವಿಯ ಬುಡವನ್ನು ಹೊರಗಿನಿಂದ ಒತ್ತಿ ಉಜ್ಜಿದರೆ ಒಳಗೆ ಪಿಚಪಿಚ ಸದ್ದಾಗುತ್ತಿತ್ತು. ಮೊದಮೊದಲು ಗುರ್ ಅನ್ನುತ್ತಿದ್ದ ಜಡ್ಜು, ಒಂದು ವಾರ ಕಳೆಯುವಷ್ಟರಲ್ಲಿ ಕಣ್ಣು ಮುಚ್ಚಿ ಅವಳ ಕೈಗೆ ತಲೆ ಒತ್ತತೊಡಗಿತು. ತಲೆ ಗಡಿಯಾರದ ಮುಳ್ಳಿನ ಹಾಗೆ, ನೋಡುತ್ತಿದ್ದರೆ ಗೊತ್ತಾಗದಂತೆ, ದಿನಕ್ಕಿಷ್ಟಿಷ್ಟೇ ಮೇಲೆದ್ದಿತು. ಹದಿನಾಲ್ಕನೇ ದಿನ ಬೆಳಿಗ್ಗೆ ಅದು ಬಾಗಿಲಲ್ಲಿ ನಿಂತು ನೋಡಿದಾಗ ಎರಡು ಕಿವಿಗಳೂ ಒಂದೇ ಮಟ್ಟದಲ್ಲಿದ್ದವು. ಮಗಳು ಫೋಟೋ ತೆಗೆದು, "ಅಮ್ಮ, ಈಗ ಇದು ಬರೀ ನಾಯಿ ಥರ ಕಾಣುತ್ತೆ" ಅಂದಳು.

ಆ ಸಂಜೆ ಮೂರನೇ ಸೀಟು ಮೆಟ್ಟಿಲ ಮೇಲೆ ಕೂತಿದ್ದಳು. ಕರೆಯದೆಯೇ ಜಡ್ಜು ಬಂದು ಎದುರು ಕೂತಿತು. ಅವಳಿಗೆ ಖುಷಿಯಾಯಿತು. ಆ ವಾರದ್ದೆಲ್ಲ ಒಟ್ಟಾಗಿ ನೆನಪಾಗಿ, "ಇವತ್ತು ಗಡಿಯಾರ ಏನ್ ಮಾಡ್ದ ಗೊತ್ತಾ?" ಎಂದು ಶುರು ಮಾಡಿದಳು. ಜಡ್ಜು ನೆಟ್ಟಗೆ ತಲೆ ಹಿಡಿದು ಅವಳ ಕೈ ನೋಡಿತು. ಬ್ರೆಡ್ಡು ಇದೆಯೇ? ಇನ್ನೊಂದು ಕೈ ನೋಡಿತು. ಅದರಲ್ಲೂ ಇಲ್ಲ. ದವಡೆ ಮುರಿಯುವಂಥ ಆಕಳಿಕೆ ತೆಗೆದು, ಮೂರು ಸುತ್ತು ಸುತ್ತಿ, ಅವಳಿಗೆ ಬೆನ್ನು ಹಾಕಿ ಮಲಗಿತು. ಎರಡು ನಿಮಿಷದಲ್ಲಿ ಗೊರಕೆ.

ಅವಳು ಅರ್ಧಕ್ಕೆ ನಿಂತಳು. ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ವಾಸಿಯಾಗಿದೆ, ನಿಜಕ್ಕೂ ವಾಸಿಯಾಗಿದೆ, ಅಷ್ಟು ಸಾಕು ಎಂದು ತನಗೆ ತಾನೇ ಹೇಳಿಕೊಂಡು, ಏಳಲು ಮೆಟ್ಟಿಲಿಗೆ ಕೈ ಊರಿದಳು.

"ಆಮೇಲೆ?"

ತಲೆಯ ಮೇಲಿನ ಕಿಟಕಿಯಿಂದ ದನಿ ಬಂತು. ಮೊರದ ಸರಸರ ನಿಂತಿತ್ತು. ಅದು ನಿಂತಾಗಲೇ ಅವಳಿಗೆ ಅಂಥದೊಂದು ಸದ್ದು ಇತ್ತೆಂದು ತಿಳಿದದ್ದು.

"ಏನ್ ಅತ್ತೆ?"

"ಗಡಿಯಾರ ಏನೋ ಮಾಡ್ದ ಅಂದ್ಯಲ್ಲ, ಏನ್ ಮಾಡ್ದ? ಮತ್ತೆ ಎಲ್ರ ಮುಂದೆ ಬೈದ್ನಾ?" ಒಂದು ಕ್ಷಣ ಬಿಟ್ಟು ಅತ್ತೆ ಮುಂದುವರಿಸಿದರು. "ಅದಿರ್ಲಿ, ನಾನು ಎರಡು ತಿಂಗಳಿಂದ ಕೇಳ್ಬೇಕು ಅಂತಿದ್ದೆ. ಆ ಕೆಟಲಿನ ಮುದುಕಪ್ಪ, ಹನ್ನೊಂದು ನಿಮಿಷ ಮಾತಾಡಿದ್ರಲ್ಲ, ಅವರ ಮನೆಗೆ ನೀರು ಬಂತಾ ಇಲ್ವಾ? ಅದನ್ನ ಮಾತ್ರ ನೀನು ಹೇಳ್ಲೇ ಇಲ್ಲ."

 ಕೆಟಲಿನ ಮಾತನ್ನು ಅವಳು ಗಂಡನಿಗೆ ಹೇಳಿರಲಿಲ್ಲ, ಮಗಳಿಗೆ ಹೇಳಿರಲಿಲ್ಲ. ಹೇಳಿದ್ದು ಒಂದೇ ಸಲ, ಇದೇ ಮೆಟ್ಟಿಲ ಮೇಲೆ. ಕಿಟಕಿ ಅಂದೂ ತೆರೆದಿತ್ತು, ಎಲ್ಲ ದಿನವೂ ತೆರೆದಿತ್ತು. ಪಾನಕದಂಥ ಚಹಾ ನೆನಪಾಯಿತು. ಯಾವ ಯಾವ ದಿನ ಕೈ ತಪ್ಪಿತ್ತೆಂದು ಲೆಕ್ಕ ಹಾಕುತ್ತಾ ಹೋದಳು. ಎಲ್ಲವೂ ಅವಳು ಇಲ್ಲಿ ಕೂತು ಅತ್ತ ದಿನಗಳೇ, ಒಂದು ದಿನವೂ ತಪ್ಪಾಗಿ ತಪ್ಪಿರಲಿಲ್ಲ.

"ಬಂತು ಅತ್ತೆ" ಅಂದಳು, ದನಿ ಸರಿಪಡಿಸಿಕೊಂಡು. "ಮಾರನೇ ದಿನಾನೇ ಬಂತಂತೆ. ಆಮೇಲೆ ಫೋನ್ ಮಾಡಿ ಹೇಳಿದ್ರು."

"ಸದ್ಯ" ಎಂದು ಅತ್ತೆ ಉಸಿರುಬಿಟ್ಟರು. ಮೊರ ಮತ್ತೆ ಸದ್ದು ಮಾಡಿತು.

ಅವಳು ಎದ್ದು ನಿಂತು ಕಿಟಕಿಯೊಳಗೆ ನೋಡಿದಳು. ಸ್ಟೂಲಿನ ಮೇಲೆ ಒಂದು ಕಾಲು ಚಾಚಿ, ಮೊಣಕಾಲಿಗೆ ಬಟ್ಟೆ ಕಟ್ಟಿಕೊಂಡು ಅತ್ತೆ ಕೂತಿದ್ದರು. ಆ ಬಟ್ಟೆ ಎಷ್ಟು ದಿನದಿಂದ ಅಲ್ಲಿದೆಯೋ ಅವಳಿಗೆ ಗೊತ್ತಿರಲಿಲ್ಲ. ಸುಸ್ತು ಎಲ್ಲಿಗೂ ಹೋಗಿರಲಿಲ್ಲ. ನಾಳೆ ಎಂಟಕ್ಕೆ ಮತ್ತೆ ಅದೇ ಕುರ್ಚಿ, ಅದೇ ಟೇಪು ಸುತ್ತಿದ ಹೆಡ್‌ಫೋನು. ಆದರೂ ಅವಳು ಒಳಗೆ ಹೋಗಿ, ಮೊರ ತೆಗೆದು ಪಕ್ಕಕ್ಕಿಟ್ಟು, ಅತ್ತೆಯ ಕಾಲಿನ ಬಳಿ ನೆಲದ ಮೇಲೆ ಕೂತಳು.

"ಮೊಣಕಾಲು ಯಾವಾಗಿಂದ ಅತ್ತೆ? ಒಂದೇನಾ, ಎರಡೂನಾ?"

ಅತ್ತೆ ಕನ್ನಡಕ ಕೆಳಗಿಳಿಸಿ ಸೊಸೆಯ ಮುಖವನ್ನು ಅನುಮಾನದಿಂದ ನೋಡಿದರು. ಹೂಂ ಅಂದು ಎದ್ದು ಹೋಗುವ ಲಕ್ಷಣ ಕಾಣಲಿಲ್ಲ.

"ಹೇಳ್ತೀನಿ" ಅಂದರು. "ಆದ್ರೆ ಹನ್ನೊಂದು ನಿಮಿಷದಲ್ಲಿ ಮುಗಿಯೋದಲ್ಲ."

"ಮುಗೀದೇ ಇದ್ರೂ ಪರವಾಗಿಲ್ಲ, ಹೇಳಿ."

ಹೊರಗೆ ಮೆಟ್ಟಿಲ ಮೇಲೆ ಜಡ್ಜು ಗೊರಕೆ ಹೊಡೆಯುತ್ತಲೇ ಇತ್ತು. ಅತ್ತೆ ಮೊದಲಿನಿಂದ ಶುರು ಮಾಡಿದರು.